ಹತ್ತೋರು ಕಡಿಮೆ, ಇಳಿಯೋರು ಜಾಸ್ತಿ

ನಂಬಲ್ಲ ಅನ್ನೋರು ಈಗಲೇ ಹೇಳಿಬಿಡ್ರಿ, ಆಮೇಲೆ ನಡುವೆ ಬಾಯಿ ಹಾಕಬ್ಯಾಡ್ರಿ. ಹಿರಿಯೂರಿನಿಂದ ಹೊರಟು ಹೊಸದುರ್ಗ, ಹೊಳಲ್ಕೆರೆ ಸುತ್ತಿಕೊಂಡು ಚಿತ್ರದುರ್ಗಕ್ಕೆ ಹೋಗೋ ಸರ್ವೀಸ್ ಬಸ್ಸಿನ ಕಂಡಕ್ಟರ್ ನಾನು. ಒಂದು ಯುಗಾದಿಯಿಂದ ಆಯುಧಪೂಜೆಯೊಳಗೆ ಒಂದು ಮರಿ ಟಗರಿನಷ್ಟು ತೂಕವನ್ನ ಈ ಮೈಯಿಂದ ಇಳಿಸಿದ್ದೀನಿ. ಮಾತ್ರೆ ನುಂಗಲಿಲ್ಲ, ತಾಯಿತ ಕಟ್ಟಿಸಲಿಲ್ಲ, ಕಾಯಿಲೆ ಬೀಳಲಿಲ್ಲ. ದಿನಾ ಉಂಡುಕೊಂಡೇ ಇಳಿಸಿದೆ. ಇಡೀ ಜಿಲ್ಲೆಯಲ್ಲಿ ಇಂಥಾ ಗಂಡಸು ಇನ್ನೊಬ್ಬ ಇದ್ದರೆ ಕರಕೊಂಡು ಬರ್ರಿ, ಟಿಕೆಟ್ ನಾನೇ ಹರೀತೀನಿ.

ಬಸ್ಸಿನ ಕೆಲಸದಲ್ಲಿ ನಗೋ ಪ್ರಸಂಗಗಳಿಗೆ ಬರ ಇಲ್ಲ. ಬೆಳಿಗ್ಗೆ ಮೊದಲನೇ ಸೀಟಿ ಊದಿದಾಗಿನಿಂದ ಒಂದಲ್ಲ ಒಂದು ಹತ್ತುತ್ತಲೇ ಇರ್ತವೆ, ಅದೂ ಟಿಕೆಟ್ ಇಲ್ಲದೆ. ಆ ವರ್ಷ ಹತ್ತಿದವು ಮಾತ್ರ ಎಲ್ಲವೂ ನನ್ನ ಹೊಟ್ಟೆಯ ಸುತ್ತಲೇ ತಿರುಗಿದವು.

೧. ಕೋಳಿಗೆ ಕಾವು

ಜವನಗೊಂಡನಹಳ್ಳಿ ಕಡೆಯ ಕುರಿ ಮನೆತನ ನಮ್ಮದು. ಮೀಸೆ ಚಿಗುರೋವರೆಗೂ ಕುರಿ ಹಿಂದೆ ಗುಡ್ಡ ಹತ್ತಿ ಇಳಿದವನು ನಾನು. ಹೊತ್ತಿಗೆ ಮೂರು ಮುದ್ದೆ ಇಳಿಸಿದರೂ ಮೈಯಲ್ಲಿ ಒಂದು ತೊಲ ಮಾಂಸ ನಿಲ್ತಿರಲಿಲ್ಲ. ಬಸ್ಸಿಗೆ ಸೇರಿದ ಮೇಲೆ ಮುದ್ದೆ ಉಳೀತು, ಗುಡ್ಡ ಹೋಯ್ತು. ಅದರ ಮೇಲೆ ನಮ್ಮ ಲೈನಿನಲ್ಲಿ ಒಂದು ಪದ್ಧತಿ ಐತೆ. ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ತದೋ ಆ ಹೋಟೆಲಿನೋರು ಡ್ರೈವರಿಗೂ ಕಂಡಕ್ಟರಿಗೂ ಪುಕ್ಕಟೆ ಬಡಿಸಬೇಕು. ಹೊಸದುರ್ಗದಲ್ಲಿ ಇಡ್ಲಿ ವಡೆ, ಹೊಳಲ್ಕೆರೆಯಲ್ಲಿ ಮಂಡಕ್ಕಿ ಬಜ್ಜಿ, ದುರ್ಗದಲ್ಲಿ ಊಟ. ವಾಪಸ್ ಬರುವಾಗ ಅದೇ ತಟ್ಟೆಗಳು ಹಿಂದುಮುಂದಾಗಿ ಬರೋವು. ಬಡಿಸಿದ್ದನ್ನ ಬಿಟ್ಟು ಏಳೋದು ನಮ್ಮ ರಕ್ತದಲ್ಲೇ ಇಲ್ಲ. ಎರಡು ವರ್ಷದಲ್ಲಿ ನಾನು ಎಂಥಾ ಆಳಾದೆ ಅಂದರೆ ಸಂತೆ ದಿನ ಜನ ನನಗೆ ದಾರಿ ಬಿಡೋರು. ಅದು ಮರ್ಯಾದೆ ಅಂತಲೇ ತಿಳಿದಿದ್ದೆ.

ಒಂದು ದಿನ ಹೊಳಲ್ಕೆರೆ ಸ್ಟ್ಯಾಂಡಿನಲ್ಲಿ, ತುಂಬಿದ ಬಸ್ಸಿನ ನಡುವೆ ಟಿಕೆಟ್ ಹರೀತಾ ಹೋದವನು ಎರಡು ಸೀಟಿನ ಮಧ್ಯೆ ನಿಂತೇಬಿಟ್ಟೆ. ಮುಂದೂ ಹೋಗ್ತಿಲ್ಲ, ಹಿಂದೂ ಬರ್ತಿಲ್ಲ. ಎಡಕ್ಕೆ ಒಬ್ಬ ಮೇಷ್ಟ್ರು ಕಿಟಕಿಗೆ ಅಂಟಿಕೊಂಡಿದ್ದರು. ಬಲಕ್ಕೆ ಒಬ್ಬಾಕೆ ಮಡಿಲಲ್ಲಿ ಕೋಳಿ ಬುಟ್ಟಿ ಇಟ್ಟುಕೊಂಡಿದ್ದಳು, ನನ್ನ ಹೊಟ್ಟೆ ಪೂರ್ತಿ ಆ ಬುಟ್ಟಿಯ ಮೇಲೆ. ಆಕೆ ಸ್ವಲ್ಪ ಹೊತ್ತು ನೋಡಿ, "ಅದು ಮೊಟ್ಟೆ ಇಡೋ ಕೋಳಿ ಕಣಪ್ಪ, ಮೊಟ್ಟೆ ಅಲ್ಲ. ಕಾವು ಕೊಟ್ಟಿದ್ದು ಸಾಕು ಏಳು" ಅಂದಳು.

ಬಸ್ಸಿಗೆ ಬಸ್ಸೇ ನಕ್ಕಿತು. ಆವತ್ತೇ ನಮ್ಮ ಬಸ್ಸಿನ ಧಣಿ ಸ್ಟ್ಯಾಂಡಿನಲ್ಲಿ ನಿಂತು ಇದನ್ನೆಲ್ಲ ನೋಡಬೇಕಾ.

ಧಣಿ ನನ್ನನ್ನ ಕೆಳಗೆ ಕರೆದರು. ದುರ್ಗದ ಷೆಡ್ಡಿನಲ್ಲಿ ಹೊಸ ಬಸ್ಸಿಗೆ ಬಾಡಿ ಕಟ್ಟಿಸ್ತಾ ಇದ್ದರು. ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು ಸೀಟು ಹಾಕಿ ನಡುವಿನ ದಾರಿಯನ್ನ ಹಿಂಡಿಬಿಟ್ಟಿದ್ದರು. ಹೊಸದು ಬಂದ ಮೇಲೆ ಹಳೇ ಬಸ್ಸು ಮಾರಾಟ. ಆಯುಧಪೂಜೆ ದಿನ ಹೊಸ ಬಸ್ಸಿನ ಬಾಗಿಲಿನಿಂದ ಡ್ರೈವರ್ ಬೆನ್ನಿನವರೆಗೂ, ಕೂತ ಒಬ್ಬರ ಮೊಣಕಾಲೂ ಅಲುಗದ ಹಾಗೆ ನಾನು ನಡೆದು ತೋರಿಸಿದರೆ ಕೆಲಸ ನನ್ನದು. ಇಲ್ಲದಿದ್ದರೆ ಅವರ ಹೆಂಡತಿಯ ತಮ್ಮನದು. ಆ ತಮ್ಮ ನಮ್ಮ ಬಸ್ಸಿನಲ್ಲೇ ಕ್ಲೀನರ್, ನನ್ನ ವಾರಿಗೆಯವನೇ, ಜೋಳದ ದಂಟಿನಂಥ ಮನುಷ್ಯ. ನಾನು ಎಲ್ಲಿಗೆ ಹೋಗಲಿ ಅಂತ ಕೇಳಿದ್ದಕ್ಕೆ ಧಣಿ, "ನಿಮ್ಮಪ್ಪನ ಕುರಿ ಎಲ್ಲೂ ಓಡಿ ಹೋಗಿಲ್ವಲ್ಲ" ಅಂದರು.

ಕುರಿ ಕಾಯೋದರಲ್ಲಿ ಅವಮಾನ ಇಲ್ಲ. ಆದರೆ ಬಸ್ಸು ನಾನಿಲ್ಲದೆ ಚಕ್ರ ತಿರುಗಿಸಲ್ಲ ಅಂತ ಊರಲ್ಲಿ ಕಟ್ಟೆ ಮೇಲೆ ಕೂತು ಹೇಳಿದ್ದೆನಲ್ಲ, ಆ ಕಟ್ಟೆಯ ಮುಂದೆ ಕುರಿ ಹೊಡಕೊಂಡು ಹೋಗೋದಿತ್ತಲ್ಲ, ಅದು ಆಗೋ ಮಾತಲ್ಲ. ಇಳಿಸ್ತೀನಿ ಅಂತ ಅಲ್ಲೇ ತೊಡೆ ತಟ್ಟಿದೆ. ಕ್ಲೀನರ್ ಪಕ್ಕದಲ್ಲೇ ನಿಂತಿದ್ದವನು, "ಮೆತ್ತಗೆ ತಟ್ಟಣ್ಣ, ಬಸ್ಸು ಅಲುಗಾಡ್ತೈತೆ" ಅಂದ.

೨. ಉಪವಾಸದ ದಿಬ್ಬಣ

ನಮ್ಮ ಮನೆತನದೋರಿಗೆ ಹಟ ಬಂದರೆ ಸಣ್ಣದಾಗಿ ಬರಲ್ಲ. ಮಾರನೇ ದಿನದಿಂದ ನೀರು ಬಿಟ್ಟು ಬೇರೇನೂ ಮುಟ್ಟಲ್ಲ ಅಂತ ಬಸ್ಸಿನಲ್ಲೇ ಸಾರಿದೆ. ಡ್ರೈವರ್ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಬೀಳೋದಾದರೆ ಸ್ಟಾಪ್ ಬಂದಾಗ ಬೀಳು, ನಡುದಾರೀಲಿ ನಿಲ್ಲಿಸಲ್ಲ ಅಂತಷ್ಟೇ ಹೇಳಿದ.

ಮೊದಲನೇ ದಿನ ಹುಲಿ. ಎರಡನೇ ದಿನ ಹೊಸದುರ್ಗ ಕೇಳಿದೋರಿಗೆ ಹೊಳಲ್ಕೆರೆ ಟಿಕೆಟ್ ಕೊಟ್ಟೆ, ಹೊಳಲ್ಕೆರೆ ಕೇಳಿದೋರಿಗೆ ಕೊಡೋದನ್ನೇ ಮರೆತೆ. ಮೂರನೇ ದಿನ ಒಬ್ಬ ಪೇಟದ ಯಜಮಾನರನ್ನ "ಎಲ್ಲಿಗೆ" ಅಂತ ಕೇಳೋ ಬದಲು "ಸಾಂಬಾರಾ, ಚಟ್ನಿಯಾ" ಅಂತ ಕೇಳಿಬಿಟ್ಟೆ. ಅವರು ಎರಡೂ ಹಾಕು ಅಂದರು.

ಹೊಳಲ್ಕೆರೆ ಇನ್ನೇನು ಬರಬೇಕು, ರಸ್ತೆ ಪಕ್ಕ ಮದುವೆ ಚಪ್ಪರ. ಹೋಳಿಗೆ ಬೇಯೋ ವಾಸನೆ ಕಿಟಕಿಯಿಂದ ಬಂದು ನನ್ನ ಕೈ ಹಿಡೀತು. ಸೀಟಿ ಊದಿದ್ದು ನಾನಲ್ಲ, ಹೊಟ್ಟೆ. ಬಸ್ಸು ನಿಂತಿತು, ನಾನು ಇಳಿದು ನೆಟ್ಟಗೆ ಚಪ್ಪರದ ಕಡೆಗೆ ನಡೆದೆ. ಕಂಡಕ್ಟರೇ ಇಳಿದ ಮೇಲೆ ಬಸ್ಸು ಕೆಟ್ಟಿರಬೇಕು ಅಂತ ಪ್ರಯಾಣಿಕರೂ ಇಳಿದರು. ಹೆಣ್ಣಿನ ಕಡೆಯೋರು ಗಂಡಿನ ಕಡೆಯ ಬಸ್ಸು ಬಂತು ಅಂತ ಓಡಿ ಬಂದು ಕಾಲಿಗೆ ನೀರು ಕೊಟ್ಟು, ಪಾನಕ ಕೊಟ್ಟು, ಸಾಲಾಗಿ ಎಲೆ ಹಾಕಿದರು. ನಮ್ಮ ಜನ ಬೇಡ ಅನ್ನೋರಾ. ಹೆಣ್ಣಿನ ತಂದೆ ತಾವೇ ತುಪ್ಪ ಹಿಡಿದು ಬಂದು, ದಾರೀಲಿ ತಡ ಆಯ್ತೇನೋ ಅಂತ ವಿಚಾರಿಸಿದರು. ನಮ್ಮ ಪೇಟದ ಯಜಮಾನರು ಇದ್ದದ್ದು ಇದ್ದ ಹಾಗೆ, "ಇಲ್ಲ, ಇವತ್ತೇ ಸ್ವಲ್ಪ ಬೇಗ ಬಂತು" ಅಂದರು. ನಿಜವಾದ ದಿಬ್ಬಣ ಬರುವಾಗ ನಾವು ಕೈ ತೊಳೀತಿದ್ದೆವು.

ಸಂಜೆ ದುರ್ಗದಲ್ಲಿ ಕಡಲೆಕಾಯಿ ಮಂಡಿಗೆ ಹೋದೆ. ಮನುಷ್ಯರ ತಕ್ಕಡಿ ನನಗೆ ಸಾಲ್ತಿರಲಿಲ್ಲವಾಗಿ ಮೂಟೆ ತೂಗೋ ತಕ್ಕಡಿಯಲ್ಲೇ ನಾನು ನಿಲ್ತಿದ್ದೆ. ಅಲ್ಲಿನ ಹಮಾಲಿ ಕಲ್ಲು ಹಾಕಿ ನೋಡಿದ. ಮೂರು ದಿನದ ಉಪವಾಸ ಆದ ಮೇಲೂ ಮೊದಲಿಗಿಂತ ಜಾಸ್ತಿ. ಅವನು ನನ್ನ ತೋಳು ಹಿಚುಕಿ ನೋಡಿ, "ಹಸಿ ಮಾಲು. ಒಣಗಿಸಿಕೊಂಡು ಬಾರಪ್ಪ" ಅಂದ.

೩. ಮೇಡಂ ಹೇಳಿದ ಲೆಕ್ಕ

ಬಬ್ಬೂರಿನಲ್ಲಿ ದಿನಾ ಇಳಿಯೋ ಒಬ್ಬ ಮೇಡಂ ಇದ್ದರು. ಯಾವ ಊಟದಲ್ಲಿ ಎಷ್ಟು ಸತ್ವ ಐತೆ ಅಂತ ಹಳ್ಳಿ ಹೆಣ್ಣುಮಕ್ಕಳಿಗೆ ಹೇಳಿಕೊಡೋದು ಅವರ ಕೆಲಸ. ಮದುವೆ ಊಟದ ಸುದ್ದಿ ಕೇಳಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಆಮೇಲೆ ನನಗೆ ಬಯ್ದರು. ಊಟದಲ್ಲಿರೋ ಶಕ್ತಿಯನ್ನ ಕ್ಯಾಲರಿ ಅಂತ ಅಳೀತಾರಂತೆ. ನಡೆಯೋಕೆ, ಭಾರ ಎತ್ತೋಕೆ, ಸುಮ್ಮನೆ ಉಸಿರಾಡೋಕೂ ಮೈ ಅದನ್ನ ಖರ್ಚು ಮಾಡ್ತದಂತೆ. ತಿಂದದ್ದು ಖರ್ಚಿಗಿಂತ ಜಾಸ್ತಿಯಾದರೆ ಮಿಕ್ಕಿದ್ದು ಕೊಬ್ಬಾಗಿ ಕೂತುಕೊಳ್ತದೆ. ಕಡಿಮೆಯಾದರೆ ಮೈ ಆ ಕೊಬ್ಬನ್ನೇ ಕರಗಿಸಿ ಖರ್ಚಿಗೆ ತಗೊಳ್ತದೆ.

ಬೇರೆಯೋರಾಗಿದ್ದರೆ ತಲೆ ಕೆರಕೊಳ್ಳೋರು. ನನಗೆ ಬಬ್ಬೂರು ಬರೋದರೊಳಗೆ ತಿಳೀತು. "ಅಂದ್ರೆ ಮೇಡಂ, ಹತ್ತೋರು ಕಡಿಮೆ ಆಗಬೇಕು, ಇಳಿಯೋರು ಜಾಸ್ತಿ ಆಗಬೇಕು. ಆಗ ಬಸ್ಸು ತಾನೇ ಖಾಲಿ ಆಗ್ತೈತೆ" ಅಂದೆ.

ಅಷ್ಟೇ ಅಂದರು ಮೇಡಂ. "ಆದರೆ ನೀವು ಮೂರು ದಿನ ಒಬ್ಬರನ್ನೂ ಹತ್ತಿಸದೆ ಬಾಗಿಲು ಹಾಕಿದ್ರಿ. ಮದುವೆ ಚಪ್ಪರದ ಸ್ಟಾಪಿನಲ್ಲಿ ಜನ ಬಾಗಿಲು ಮುರಿದು ನುಗ್ಗಿದರು. ಹಾಗೆ ಮಾಡಬೇಡಿ. ಪ್ರತಿ ಸ್ಟಾಪಿನಲ್ಲೂ ಒಬ್ಬರೋ ಇಬ್ಬರೋ ಹೆಚ್ಚಿಗೆ ಇಳೀಲಿ. ದಿನಾ ಇಳೀಲಿ."

ಅಲ್ಲಿಂದ ನಾನು ನನ್ನದೇ ಒಂದು ಶಾಸ್ತ್ರ ಕಟ್ಟಿದೆ. ಸೊಪ್ಪು, ಮಜ್ಜಿಗೆ, ಹುರುಳಿ ಕಟ್ಟು ಅಂದರೆ ಕೈಬೀಸಿಕೊಂಡು ಹತ್ತೋ ಜನ, ಬೇಗ ಇಳಿದು ಹೋಗ್ತಾರೆ. ಮುದ್ದೆ ಅಂದರೆ ಪಾಸಿನೋರು, ದಿನಾ ಬೇಕೇ ಬೇಕು, ಆದರೆ ಮೂರು ಸೀಟು ಕೇಳಿದರೆ ಒಂದೇ ಕೊಡಬೇಕು. ಬಜ್ಜಿ ಅಂದರೆ ಟ್ರಂಕು, ಹಾಸಿಗೆ, ಮಕ್ಕಳು ಮರಿ ಸಮೇತ ಹತ್ತೋ ಸಂಸಾರ, ಕೊನೇ ಸ್ಟಾಪ್ ಬಂದರೂ ಇಳಿಯಲ್ಲ. ಇದನ್ನ ಬಸ್ಸಿನಲ್ಲಿ ಎಲ್ಲರಿಗೂ ಸೀಟಿನಿಂದ ಸೀಟಿಗೆ ಹೇಳಿಕೊಂಡು ಹೋದೆ. ಹರಿಯಬ್ಬೆ ಕಡೆಯ ಒಬ್ಬ ಅಜ್ಜಿ ಬಾಯಿ ತೆರೆದುಕೊಂಡು ಪೂರ್ತಿ ಕೇಳಿದಳು. ನನಗೆ ಖುಷಿಯಾಯ್ತು. ಕೊನೆಗೆ ಅಜ್ಜಿ, "ಎಲ್ಲಾ ಸರಿ ಐತೆ ಕಣಪ್ಪ. ನನ್ನ ಬಸ್ಸಿಗೆ ಬೆಳಿಗ್ಗಿಂದ ಒಬ್ಬರೂ ಹತ್ತಿಲ್ಲ. ನಿನ್ನ ಜೇಬಿನಾಗಿರೋ ಕಡ್ಲೆಕಾಯಿ ಇತ್ತ ಕೊಡು" ಅಂದಳು.

೪. ತಟ್ಟೆ ನನ್ನದು, ಕೈ ಅವನದು

ಶಾಸ್ತ್ರ ಕಟ್ಟೋದು ಸುಲಭ, ಹೊಸದುರ್ಗದ ಹೋಟೆಲಿನ ಭಟ್ಟರನ್ನ ದಾಟೋದು ಕಷ್ಟ. ನಾನು ಎರಡು ಇಡ್ಲಿ ತಿಂದು ಕೈ ತೊಳೆದ ದಿನ ಭಟ್ಟರು ಗಲ್ಲಾ ಬಿಟ್ಟು ಎದ್ದು ಬಂದರು. ಬಸ್ಸಿನಿಂದ ಇಳಿದೋರು ಮೊದಲು ನೋಡೋದೇ ಕಂಡಕ್ಟರ್ ಏನು ತಿಂತಾನೆ ಅಂತ. ಅವನೇ ತಟ್ಟೆ ಮುಟ್ಟದೆ ಎದ್ದರೆ ಇಲ್ಲಿನ ಹಿಟ್ಟು ಹುಳಿಯಾಗಿದೆ ಅಂತ ತಿಳಕೊಂಡು ಎದುರು ಹೋಟೆಲಿಗೆ ಹೋಗ್ತಾರೆ. ನನ್ನ ಹೊಟ್ಟೆ ಅಂದರೆ ಅವರ ಹೋಟೆಲಿನ ಬೋರ್ಡು, ಅದನ್ನ ನಾನು ಒಬ್ಬನೇ ತೀರ್ಮಾನಿಸಿ ಇಳಿಸೋ ಹಾಗಿಲ್ಲ. ಇದು ಭಟ್ಟರ ವಾದ.

ವಾದ ನನಗೂ ನ್ಯಾಯ ಅನ್ನಿಸಿತು. ಆಗ ದಾರಿ ತೋರಿಸಿದವನು ಕ್ಲೀನರ್. ಪಾಪ, ಪದ್ಧತಿ ಪ್ರಕಾರ ಕ್ಲೀನರಿಗೆ ಸಿಗೋದು ಒಂದು ಕಾಫಿ ಮಾತ್ರ. "ಅಣ್ಣ, ತಟ್ಟೆ ನಿನ್ನ ಮುಂದೇನೇ ಇರ್ಲಿ. ನಾನು ಪಕ್ಕದಾಗೆ ಕುಂತ್ಕಂತೀನಿ" ಅಂದ. ಅವತ್ತಿನಿಂದ ಹಾಗೇ ನಡೀತು. ತಟ್ಟೆ ನನ್ನ ಮುಂದೆ ಬರೋದು, ನಾನು ಭಟ್ಟರ ಕಡೆ ನೋಡಿ ತಲೆದೂಗೋದು, ಕೆಳಗಿನಿಂದ ಅವನ ಕೈ ಬರೋದು. ಹೊಳಲ್ಕೆರೆಯ ಬಜ್ಜಿಗೂ ಇದೇ ಏರ್ಪಾಡು, ದುರ್ಗದ ಊಟಕ್ಕೂ ಇದೇ. ನನ್ನನ್ನ ಸೋಲಿಸಬೇಕಾದವನೇ ನನ್ನ ಹೊಟ್ಟೆ ಕಾಯ್ತಾನೆ ಅಂತ ಡ್ರೈವರ್ ಮೀಸೆಯೊಳಗೇ ನಕ್ಕ.

ಇಳಿಯೋರು ಜಾಸ್ತಿ ಆಗಬೇಕಲ್ಲ, ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ಬಸ್ಸಿನ ಹಿಂದಿನ ಏಣಿ ಹತ್ತಿ ಟಾಪಿನ ಮೇಲೆ ಮೂಟೆ ಏರಿಸೋದು, ಇಳಿಸೋದು ಕ್ಲೀನರ್ ಕೆಲಸ. ಇನ್ನು ಮೇಲೆ ಅದು ನನಗೆ ಬಿಡು ಅಂದೆ. ಅವನು ಬೇಡ ಅನ್ನಲಿಲ್ಲ. ನಾನು ಬಿಸಿಲಲ್ಲಿ ಏಣಿ ಹತ್ತಿ ಇಳೀತಿದ್ದರೆ ಅವನು ನನ್ನ ಸೀಟಿನಲ್ಲಿ ಕೂತು, ಮೇಲಿನ ಹಗ್ಗ ಸರಿಯಾಗಿ ಬಿಗಿ ಅಂತ ಕಿಟಕಿಯಿಂದಲೇ ಹೇಳೋನು.

ತಿಂಗಳಿಗೆ ಸ್ವಲ್ಪ, ಸ್ವಲ್ಪ, ಮಂಡಿಯ ಕಲ್ಲು ಕಡಿಮೆ ಆಗ್ತಾ ಬಂತು. ಶ್ರಾವಣದಲ್ಲಿ ಒಂದೇ ಕಡೆ ನಿಂತುಬಿಟ್ಟಿತು. ಬೇರೆಯೋರಾಗಿದ್ದರೆ ಬಜ್ಜಿ ಅಂಗಡಿಗೆ ಹೋಗಿ ಅಳೋರು. ನಾನು ಮೇಡಂ ಹತ್ರ ಹೋದೆ. ಹಗುರಾದ ಬಸ್ಸಿಗೆ ಡೀಸೆಲ್ಲೂ ಕಡಿಮೆ ಸಾಕಾಗ್ತದೆ, ಅದಕ್ಕೇ ಇನ್ನೊಂದು ಚೂರು ಕಡಿಮೆ ಮಾಡಿ ಇಲ್ಲವೇ ಇನ್ನೊಂದು ಚೂರು ಜಾಸ್ತಿ ನಡೀರಿ ಅಂದರು. ಮುದ್ದೆ ಕಡಿಮೆ ಮಾಡೋ ಮನಸ್ಸು ಬರಲಿಲ್ಲ. ಬಬ್ಬೂರಿನಲ್ಲಿ ಬಸ್ಸು ನಿಂತಾಗೆಲ್ಲ ಅದರ ಸುತ್ತ ಬಿರಬಿರನೆ ಪ್ರದಕ್ಷಿಣೆ ಹಾಕೋಕೆ ಶುರು ಮಾಡಿದೆ. ನೋಡಿದ ಇಬ್ಬರು ಹೆಂಗಸರು ಬಸ್ಸಿನ ಮುಂದಿನ ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಹೋದರು.

೫. ಗೊಟ್ಟ

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಅಷ್ಟರಲ್ಲಿ ನನ್ನ ಅಂಗಿ ನನಗೆ ಜೋತಾಡ್ತಿತ್ತು. ನಾನು ಎದೆ ಎತ್ತಿಕೊಂಡು ಬೀದಿಯಲ್ಲಿ ನಡೆದರೆ ಜನ ಮೆಲ್ಲಗೆ, ಏನು ಕಾಯಿಲೆಯಂತೆ ಅಂತ ಕೇಳೋರು.

ಕುರಿ ಕೊಳ್ಳುವಾಗ ನಮ್ಮೋರು ಬಾಯಿ ನೋಡಲ್ಲ, ಬೆನ್ನು ನೋಡ್ತಾರೆ. ಉಣ್ಣೆ ಸರಿಸಿ ಹೆಬ್ಬೆಟ್ಟಿನಿಂದ ಒತ್ತಿದಾಗ ಮೂಳೆ ಸಿಕ್ಕರೆ ಆ ಕುರಿ ಬೇಡ. ನಾನು ಜಗಲಿಯ ಮೇಲೆ ಬಗ್ಗಿ ಕಾಲು ತೊಳೀತಿದ್ದಾಗ ಅಪ್ಪ ಹಿಂದಿನಿಂದ ಬಂದು ನನ್ನ ಬೆನ್ನು ಒತ್ತಿದ. ಒತ್ತಿದವನ ಹೆಬ್ಬೆಟ್ಟಿಗೆ ಮೂಳೆ ಸಿಕ್ಕಿತು. ಮುಖ ಸಣ್ಣದಾಯ್ತು. ನಾನು ಕೂರಿಸಿಕೊಂಡು ಬಸ್ಸು, ಸ್ಟಾಪು, ಕ್ಯಾಲರಿ ಎಲ್ಲ ಬಿಡಿಸಿ ಹೇಳಿದೆ. ಅಪ್ಪ ಶಾಂತವಾಗಿ ಕೇಳಿ, ಮುಂದೆ ಮೇವು ಇದ್ದೂ ತಿನ್ನದ ಕುರಿಗೆ ಏನಾಗಿರ್ತದೆ ಅಂತ ಕೇಳಿದ. ಕುರಿ ವಿಚಾರದಲ್ಲಿ ನನ್ನನ್ನ ಕೇಳಿದರೆ ನಾನು ತಡವರಿಸೋನಾ. ಹೊಟ್ಟೇಲಿ ಹುಳ ಆಗಿರ್ತದೆ ಅಂದೆ.

ಬೆಳಗಿನ ಜಾವ ಕಣ್ಣು ಬಿಡುವಾಗ ನನ್ನ ಕಾಲ ಮೇಲೆ ಚಿಕ್ಕಪ್ಪ ಕೂತಿದ್ದ. ತಲೆ ಅಪ್ಪನ ಕಂಕುಳಲ್ಲಿತ್ತು. ದನಕರುಗಳಿಗೆ ಔಷಧಿ ಕುಡಿಸೋ ಬಿದಿರಿನ ಗೊಟ್ಟ ಬಾಯಿಯ ಮೂಲೆಯಲ್ಲಿತ್ತು. ಬೇವು, ಬೆಳ್ಳುಳ್ಳಿ, ಇನ್ನೂ ಏನೇನೋ ಅರೆದ ಕಷಾಯ. ಉಗುಳದಂತೆ ಅಪ್ಪ ನನ್ನ ಗಂಟಲನ್ನ ಕೆಳಮುಖವಾಗಿ ಸವರಿದ. ಆ ದಿನವೆಲ್ಲ ಬೇಲಿ ಸಾಲಿಗೂ ಮನೆಗೂ ನಾನು ಶಟ್ಲ್ ಸರ್ವೀಸ್ ಓಡಿಸಿದೆ. ಅಪ್ಪನಿಗೆ ಮಾತ್ರ ತೃಪ್ತಿ. ಟಗರುಗಳು ಇಷ್ಟು ಒದೆಯಲ್ಲ ಅಂತ ಚಿಕ್ಕಪ್ಪನಿಗೆ ಹೇಳ್ತಿದ್ದ.

ಮಂಡಿಯಲ್ಲಿ ತೂಗಿದರೆ ಒಂದೇ ದಿನದಲ್ಲಿ ಕಲ್ಲು ದಡಕ್ಕನೆ ಇಳಿದಿತ್ತು. ನಾನು ಕುಣಿದಾಡಿಕೊಂಡು ಮೇಡಂಗೆ ಹೇಳಿದೆ. ಅದು ಬರೀ ನೀರು, ಎರಡು ಚೊಂಬು ಕುಡಿದರೆ ವಾಪಸ್ ಬರ್ತದೆ, ಲೆಕ್ಕಕ್ಕಿಲ್ಲ ಅಂದರು. ಹಾಗೇ ಆಯ್ತು. ಗೊಟ್ಟದ ಕಷ್ಟ ನನ್ನದು, ಇಳಿದದ್ದು ಲೆಕ್ಕಕ್ಕಿಲ್ಲ. ಹೊಟ್ಟೇಲಿ ಹುಳ ಇತ್ತೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ ಅವೂ ಆವತ್ತೇ ಕುರಿಯ ಹೊಟ್ಟೆ ಹುಡುಕಿಕೊಂಡು ಹೋಗಿರಬೇಕು.

೬. ಮೂರನೇ ಸಾಲು

ಆಯುಧಪೂಜೆ ಬಂತು. ದುರ್ಗದ ಷೆಡ್ಡಿನಲ್ಲಿ ಹೊಸ ಬಸ್ಸು ಬಾಳೆಕಂಬ, ಚೆಂಡು ಹೂವು ಕಟ್ಟಿಸಿಕೊಂಡು ಮದುವಣಗಿತ್ತಿ ಥರ ನಿಂತಿತ್ತು. ಧಣಿ ಷೆಡ್ಡಿನ ಮೆಕ್ಯಾನಿಕ್ಕುಗಳು, ಅವರ ಮನೆಯೋರು, ಬೀದಿಯಲ್ಲಿ ಹೋಗೋರು ಎಲ್ಲರನ್ನೂ ಕರೆದು ಸೀಟು ತುಂಬಿಸಿದರು. ಬೂದುಗುಂಬಳಕಾಯಿ ಒಡೆಯೋ ಮೊದಲೇ ತೀರ್ಮಾನ ಆಗಬೇಕು, ಯಾರೂ ಮೊಣಕಾಲು ಅಲುಗಿಸಬಾರದು ಅಂತ ಗಟ್ಟಿಯಾಗಿ ಹೇಳಿದರು. ಧಣಿಯ ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ನಾನು ರಾತ್ರಿಯಿಂದ ಬಾಯಿಗೆ ಏನೂ ಹಾಕಿರಲಿಲ್ಲ ಅಂತ ತಿಳೀಬ್ಯಾಡ್ರಿ. ಒಂದು ಮುದ್ದೆ, ಸೊಪ್ಪಿನ ಸಾರು ಉಂಡೇ ಬಂದಿದ್ದೆ. ಆದರೂ ಆ ಕಿರಿದಾದ ದಾರಿ ನೋಡಿದ್ದೇ ತಡ, ಕುರಿ ಮಂದೆ, ಊರ ಕಟ್ಟೆ, ಅದರ ಮೇಲೆ ಕೂತ ಮುಖಗಳು ಎಲ್ಲ ಕಣ್ಣ ಮುಂದೆ ಬಂದವು.

ನಾನು ಮೆಟ್ಟಿಲಿಗೆ ಕಾಲಿಟ್ಟೆ. ಧಣಿ ತಡೆದರು. ದಾರಿ ಎಷ್ಟು ಸಲೀಸು ಐತೆ ಅಂತ ಮೊದಲು ನಮ್ಮ ಹುಡುಗ ತೋರಿಸಲಿ ಅಂದರು.

ಕ್ಲೀನರ್ ಹೊಸ ಅಂಗಿ ಹಾಕಿಕೊಂಡು, ಹಣೆ ತುಂಬ ಕುಂಕುಮ ಇಟ್ಟುಕೊಂಡು ಗತ್ತಿನಿಂದ ಹತ್ತಿದ. ಮೊದಲನೇ ಸಾಲು ದಾಟಿದ. ಎರಡನೇ ಸಾಲಿನಲ್ಲಿ ಒಂದು ಸಲ ಉಸಿರು ಎಳಕೊಂಡ. ಮೂರನೇ ಸಾಲಿನಲ್ಲಿ ನಿಂತ. ಯಾಕೆ ನಿಂತೆ ಅಂತ ಧಣಿ ಕೇಳಿದರು. ಅವನಿಗೆ ಮಾತಾಡೋಕೆ ಬೇಕಾದ ಉಸಿರು ಒಳಗೆ ಹೋಗಿ ಹೊರಗೆ ಬರ್ತಿರಲಿಲ್ಲ. ದಿನಾ ನೋಡೋ ಮುಖ, ಯಾರಿಗೂ ಗೊತ್ತಾಗಿರಲಿಲ್ಲ. ಆಗ ನೋಡಿದೆವು, ಜೋಳದ ದಂಟು ಹೋಗಿ ರಾಗಿ ತುಂಬಿಡೋ ವಾಡೆ ಆಗಿತ್ತು.

ಹಿಂದಿನಿಂದ ಇಬ್ಬರು ಎಳೆದರು, ಮುಂದಿನಿಂದ ಇಬ್ಬರು ನೂಕಿದರು. ಹೊಸ ಅಂಗಿಯ ಗುಂಡಿ ಹಾರಿ ಆರತಿ ತಟ್ಟೆಗೆ ಬಿತ್ತು. ಧಣಿಯ ಹೆಂಡತಿ, ನಮ್ಮ ಹುಡುಗನಿಗೆ ಯಾರ ಕಣ್ಣು ಬಿತ್ತೋ ಅಂತ ಅಲ್ಲಿಂದಲೇ ಆರತಿ ನಿವಾಳಿಸಿದರು. ಕೊನೆಗೆ ಮೆಕ್ಯಾನಿಕ್ ಸ್ಪ್ಯಾನರ್ ತಂದು, ಮೂರು ಜನ ಕೂತಿದ್ದ ಸೀಟಿನ ಬೋಲ್ಟು ಬಿಚ್ಚಿ, ಕೂತೋರ ಸಮೇತ ಸೀಟು ಸರಿಸಿದ ಮೇಲೆ ಅವನು ಹೊರಗೆ ಬಂದ.

ಸೀಟು ಮತ್ತೆ ಅದರ ಜಾಗಕ್ಕೆ ಕೂರೋವರೆಗೂ ನಾನು ಕಾದೆ. ಬಿಟ್ಟ ಜಾಗದಲ್ಲಿ ನಡೆದ ಅಂತ ನಾಳೆ ಯಾರೂ ಅನ್ನಬಾರದು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, ಎಡಕ್ಕೂ ಬಲಕ್ಕೂ ಟಿಕೆಟ್ ಹರಿದು ಕೊಡ್ತಾ ಡ್ರೈವರ್ ಬೆನ್ನು ಮುಟ್ಟಿ ಬಂದೆ. ಒಂದು ಮೊಣಕಾಲು ಅಲುಗಲಿಲ್ಲ. ಅಷ್ಟಕ್ಕೇ ಬಿಡೋ ಮನೆತನ ನಮ್ಮದಲ್ಲ, ಇನ್ನೊಂದು ಸಲ ಹಿಂದುಹಿಂದಕ್ಕೆ ನಡೆದು ತೋರಿಸಿದೆ.

ಧಣಿ ನನ್ನನ್ನ ನೋಡಿದರು. ಬಾನೆಟ್ಟಿಗೆ ಒರಗಿ ಉಸಿರು ಬಿಡ್ತಿದ್ದ ಭಾಮೈದನ್ನ ನೋಡಿದರು. ಅದೇನು ತಿಂದೆಯಲೇ ಹಿಂಗಾಗೋಕೆ ಅಂತ ಕೇಳಿದರು.

ಅವನು ಅಳು ಮುಖ ಮಾಡಿಕೊಂಡು, "ನಾನೇನು ತಿಂದೆ ಭಾವ. ಎಲ್ಲಾ ಇವನ ಊಟ. ನಾನು ಬರೀ ಕೈ ಆಡಿಸಿದ್ದು" ಅಂದ.

ಕುಂಬಳಕಾಯಿ ಒಡೆದರು. ಹೊಸ ಬಸ್ಸಿನ ಕಂಡಕ್ಟರ್ ಕೆಲಸ ನನಗೆ ಕೊಟ್ಟರು.